ಚಳಿನಾಡಿನ ಗಾಲಿ

ನಮ್ಮ ಊರುಗಳಲ್ಲಿ ಕಾರಿನ ಗಾಲಿಯ ಮಾತು ಬಂದರೆ ಕೇಳುವ ಪ್ರಶ್ನೆಗಳು ಎರಡೇ: ಟೈರು ಸವೆದಿದೆಯೆ, ಗಾಳಿ ಸರಿಯಾಗಿದೆಯೆ? ಇವೆರಡಕ್ಕೂ ತೃಪ್ತಿಕರವಾದ ಉತ್ತರ ದೊರೆತರೆ, ಚೈತ್ರವಾಗಲಿ ಮಾಘವಾಗಲಿ ಅದೇ ಗಾಲಿಯ ಮೇಲೆ ನಿಶ್ಚಿಂತೆಯಿಂದ ಓಡಾಡುತ್ತೇವೆ. ಋತುವಿಗೆ ತಕ್ಕ ಉಡುಪು ಉಂಟು, ಋತುವಿಗೆ ತಕ್ಕ ಆಹಾರ ಉಂಟು. ಆದರೆ ಋತುವಿಗೆ ತಕ್ಕ ಗಾಲಿಯೂ ಉಂಟೆಂಬುದು ಐವತ್ತು ವರ್ಷ ದಾಟುವವರೆಗೆ ನನಗೆ ತಿಳಿದಿರಲಿಲ್ಲ. ವ್ಯಾಕರಣ ಕಾವ್ಯಗಳನ್ನು ಪಾಠ ಹೇಳುವ ಪಂಡಿತನಿಗೆ ಅದು ತಿಳಿಯಬೇಕಾದ ಪ್ರಮೇಯವೂ ಇರಲಿಲ್ಲ.

ಈಗ ಕಾಲ ಬೇರೆ. ಮನೆಯಲ್ಲಿ ರೇಡಿಯೋದ ಮುಂದೆ ಕುಳಿತು ಭಾಷಣ ಕೇಳುವ ತಂದೆತಾಯಿಗಳ ಮಕ್ಕಳು ಜರ್ಮನಿ, ಸ್ವೀಡನ್, ಕೆನಡಾಗಳಲ್ಲಿದ್ದಾರೆ. ಹೋದ ಒಂದೆರಡು ವರ್ಷಗಳಲ್ಲಿ ಕೈಯಲ್ಲಿ ನಾಲ್ಕು ಕಾಸು ಕೂಡುತ್ತಲೂ ಒಂದು ಕಾರು ಕೊಳ್ಳುತ್ತಾರೆ. ತರುಣರಾದುದರಿಂದ ಅದು ಬಹುಮಟ್ಟಿಗೆ ವೇಗದ ಕಾರೇ ಆಗಿರುತ್ತದೆ. ಆ ಕಾರಿಗೆ ಚಳಿಗಾಲದಲ್ಲಿ ಯಾವ ಗಾಲಿ, ಯಾವ ಟೈರು ಎಂಬುದು ಅಲಂಕಾರದ ವಿಷಯವಲ್ಲ, ಪ್ರಾಣದ ವಿಷಯ. ಇದನ್ನು ನಾನು ಕಲಿತ ಸಂದರ್ಭವನ್ನು ಮೊದಲು ಹೇಳಿ, ಅನಂತರ ಶಾಸ್ತ್ರಕ್ಕೆ ಬರುತ್ತೇನೆ.

ಮಗಳ ಬಾಣಂತನಕ್ಕೆಂದು ನನ್ನ ಮನೆಯಾಕೆ ಮೊದಲೇ ಜರ್ಮನಿಯ ಸ್ಟುಟ್‌ಗಾರ್ಟ್ ನಗರಕ್ಕೆ ಹೋಗಿದ್ದಳು. ನಾಮಕರಣದ ಹೊತ್ತಿಗೆ ಶಾಲೆಯಿಂದ ರಜೆ ಪಡೆದು ನಾನೂ ಹೋದೆ. ಆ ಊರು ಒಂದು ದೊಡ್ಡ ಬೋಗುಣಿಯ ಹಾಗಿದೆ. ತಳದಲ್ಲಿ ಪೇಟೆ, ಸುತ್ತಲೂ ಏರು, ಏರಿನ ಮೇಲೆ ಮನೆಗಳು, ಅಲ್ಲಲ್ಲಿ ದ್ರಾಕ್ಷಿಯ ತೋಟಗಳು. ಅಳಿಯಂದಿರ ಮನೆ ಇಂಥ ಒಂದು ಏರಿನ ಮೇಲಿತ್ತು. ಅವರಲ್ಲಿದ್ದುದು ಒಬ್ಬರಿಂದ ಹಳೆಯದಾಗಿ ಕೊಂಡ, 300 ಅಶ್ವಶಕ್ತಿಯ ಕಾರು. ನಾಲ್ಕು ಗಾಲಿಗೂ ಎಂಜಿನಿನ ಶಕ್ತಿ ಹಾಯುವಂಥದು. ಹತ್ತೊಂಬತ್ತು ಅಂಗುಲದ ಥಳಥಳಿಸುವ ಗಾಲಿಗಳು, ಅವುಗಳ ಮೇಲೆ ಬೇಸಗೆಯ ಟೈರು.

ನವೆಂಬರಿನ ಮೊದಲ ವಾರ. ಮಗುವನ್ನು ವೈದ್ಯರಿಗೆ ತೋರಿಸುವುದು ಮರುದಿನವೆಂದು ಗೊತ್ತಾಗಿತ್ತು. ಆ ಬೆಳಗ್ಗೆ ಹಾಲು ತರಕಾರಿ ತರಲೆಂದು ನಾವಿಬ್ಬರೇ ಹೊರಟೆವು. ಆಕಾಶ ಶುಭ್ರವಾಗಿತ್ತು; ಹುಲ್ಲಿನ ಮೇಲೆ ಮಾತ್ರ ಸುಣ್ಣ ಬಳಿದಂತೆ ಬಿಳಿಯ ಇಬ್ಬನಿ ಹೆಪ್ಪುಗಟ್ಟಿತ್ತು. “ಟೈರು ಬದಲಾಯಿಸಬೇಕಂತಲ್ಲ?” ಎಂದು ಕೇಳಿದೆ. “ಇನ್ನೂ ಹಿಮವೇ ಬಿದ್ದಿಲ್ಲವಲ್ಲ, ಮಾವ. ಮುಂದಿನ ವಾರ ನೋಡೋಣ. ಹೇಗೂ ನಾಲ್ಕು ಗಾಲಿಗೂ ಶಕ್ತಿ ಇರುವ ಕಾರು” ಎಂದರು.

ಇಳಿಜಾರಿನ ಕೊನೆಯಲ್ಲಿ ಕೆಂಪು ದೀಪ ಬಂತು. ವೇಗ ಗಂಟೆಗೆ ಇಪ್ಪತ್ತೈದು ಕಿಲೋಮೀಟರನ್ನು ಮೀರಿರಲಾರದು. ಅವರು ಬ್ರೇಕನ್ನು ತುಳಿದರು. ಕಾಲ ಕೆಳಗೆ ಗಡಗಡ ಸದ್ದಾಯಿತೇ ಹೊರತು ಕಾರು ನಿಲ್ಲಲಿಲ್ಲ. ತಟ್ಟೆಯ ಮೇಲಿನ ಬೆಣ್ಣೆಯ ಮುದ್ದೆ ಜಾರಿದಂತೆ ಮೆಲ್ಲಗೆ, ಬಹಳ ಮೆಲ್ಲಗೆ ಜಾರಿತು. ರಸ್ತೆಯ ಅಂಚಿನ ಕಲ್ಲಿಗೆ ಮುಂದಿನ ಬಲಗಾಲಿ ಬಡಿದು ನಿಂತೆವು. ಯಾರಿಗೂ ಏನೂ ಆಗಲಿಲ್ಲ. ಗಾಲಿಯ ಅಂಚು ಮಾತ್ರ ಸೀಳಿತ್ತು. ನಾನು ತಿರುಗಿ ನೋಡಿದೆ. ಹಿಂದಿನ ಪೀಠದಲ್ಲಿ ಮಗುವನ್ನು ಮಲಗಿಸಲೆಂದು ಕಟ್ಟಿದ್ದ ಬುಟ್ಟಿ ಖಾಲಿಯಾಗಿತ್ತು. ಅಳಿಯಂದಿರೂ ಅದನ್ನೇ ನೋಡುತ್ತಿದ್ದರು. ಮನೆಗೆ ಬರುವವರೆಗೆ ನಾವಿಬ್ಬರೂ ಮಾತನಾಡಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬುದು ನಮ್ಮ ಗಾದೆ. ಆ ದಿನ ನಮಗೆ ಸುದೈವದಿಂದ ಬಹಳ ಕೆಡದೆಯೇ ಬುದ್ಧಿ ಬಂತು. ಮಧ್ಯಾಹ್ನದಿಂದಲೇ ಕಾಗದ ಪೆನ್ಸಿಲು ಹಿಡಿದು ಇಬ್ಬರೂ ಕುಳಿತೆವು.

ರಬ್ಬರಿನ ಸ್ವಭಾವ

ಮೊದಲ ತಪ್ಪು ತಿಳಿವಳಿಕೆಯೆಂದರೆ, ಚಳಿಗಾಲದ ಟೈರು ಬೇಕಾಗುವುದು ಹಿಮ ಬಿದ್ದಾಗ ಎಂಬುದು. ಹಾಗಲ್ಲ, ಅದು ಬೇಕಾಗುವುದು ಚಳಿ ಬಿದ್ದಾಗ. ಮಲೆನಾಡಿನವರು ಪುಷ್ಯ ಮಾಸದ ಬೆಳಗ್ಗೆ ಕೊಬ್ಬರಿ ಎಣ್ಣೆಯ ಸೀಸೆಯನ್ನು ಬಗ್ಗಿಸಿ ನೋಡಿದ್ದರೆ ಈ ಮಾತು ಕೂಡಲೆ ಅರ್ಥವಾದೀತು. ಎಣ್ಣೆ ಅದೇ, ಸೀಸೆ ಅದೇ, ಆದರೆ ಹರಿಯುವುದಿಲ್ಲ. ರಬ್ಬರು ಎಣ್ಣೆಯಂತೆ ಹೆಪ್ಪುಗಟ್ಟುವುದಿಲ್ಲವಾದರೂ ಚಳಿ ಏರಿದಂತೆಲ್ಲ ಬಿಗಿಯುತ್ತ ಹೋಗುತ್ತದೆ. ವೇಗದ ಕಾರಿನ ಬೇಸಗೆಯ ಟೈರನ್ನು ಬಿಸಿಯಾದ ರಸ್ತೆಯಲ್ಲಿ ಕರಗದೆ, ಹಿಸುಕಿಹೋಗದೆ ನಿಲ್ಲಲೆಂದೇ ಪಾಕ ಮಾಡಿರುತ್ತಾರೆ. ಅದೇ ಗುಣ ಚಳಿಯಲ್ಲಿ ಅವಗುಣವಾಗುತ್ತದೆ. ಸುಮಾರು 7 ಡಿಗ್ರಿ ಸೆಲ್ಸಿಯಸ್ಸಿನಿಂದ ಕೆಳಗೆ ಅದು ಮರದ ಹಲಗೆಯಂತೆ ಗಟ್ಟಿಯಾಗತೊಡಗುತ್ತದೆ. ಗಿಡವಾಗಿ ಬಗ್ಗಿದ್ದು ಮರವಾಗಿ ಬಗ್ಗದು. ಬಗ್ಗದ ರಬ್ಬರು ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳಿಗೆ ಅಂಟಿಕೊಳ್ಳಲಾರದು, ಅಂಟಿಕೊಳ್ಳದಿದ್ದರೆ ಹಿಡಿತವೆಲ್ಲಿ?

ಚಳಿಗಾಲದ ಟೈರಿನ ಪಾಕವೇ ಬೇರೆ. ಅದರಲ್ಲಿ ಸಹಜ ರಬ್ಬರಿನ ಪಾಲು ಹೆಚ್ಚು. ಸಿಲಿಕಾ ಎಂಬ ಮರಳಿನ ಜಾತಿಯ ನುಣ್ಣನೆಯ ಪುಡಿಯನ್ನೂ ಸೇರಿಸಿರುತ್ತಾರೆ. ಆದುದರಿಂದ ಸೊನ್ನೆಯ ಕೆಳಗೂ ಅದು ಮೆತ್ತಗೆ ಉಳಿಯುತ್ತದೆ. ಎರಡನೆಯದಾಗಿ, ಅದರ ಮೈಯ ಗಟ್ಟೆಗಳ ಮೇಲೆ ಬ್ಲೇಡಿನಲ್ಲಿ ಗೀರಿದಂತೆ ನೂರಾರು ಸಣ್ಣ ಸೀಳುಗಳಿರುತ್ತವೆ. ಗಾಲಿ ಉರುಳುವಾಗ ಈ ಸೀಳುಗಳು ಬಾಯಿ ತೆರೆದು ಹಿಮವನ್ನು ಕಚ್ಚುತ್ತವೆ. ಇಲ್ಲೊಂದು ಸೋಜಿಗವುಂಟು. ಹಿಮಕ್ಕೆ ಹಿಮವೇ ಚೆನ್ನಾಗಿ ಅಂಟುತ್ತದೆ, ರಬ್ಬರು ಅಷ್ಟು ಅಂಟುವುದಿಲ್ಲ. ತಂಬಿಟ್ಟನ್ನು ಅಂಗೈಯಲ್ಲಿ ಒತ್ತಿ ಉಂಡೆ ಮಾಡುವಂತೆ, ಟೈರಿನ ಸಂದುಗಳು ಹಿಮವನ್ನು ತುಂಬಿಕೊಂಡು ಒತ್ತುತ್ತವೆ. ಆ ಒತ್ತಿದ ಹಿಮ ನೆಲದ ಹಿಮವನ್ನು ಹಿಡಿಯುತ್ತದೆ. ನಮ್ಮಲ್ಲಿ ಟೈರಿನ ಸಂದಿನಲ್ಲಿ ಕೆಸರು ನಿಂತರೆ ಕೆಟ್ಟದ್ದು. ಅಲ್ಲಿ ಹಿಮ ನಿಂತರೆ ಒಳ್ಳೆಯದು.

ಹಿಡಿತ ಎಷ್ಟು ಮುಖ್ಯವೆಂಬುದನ್ನು ಹೈಸ್ಕೂಲಿನ ಲೆಕ್ಕದಲ್ಲೇ ತೋರಿಸಬಹುದು. ಗಂಟೆಗೆ 36 ಕಿಲೋಮೀಟರೆಂದರೆ ಸೆಕೆಂಡಿಗೆ 10 ಮೀಟರು. ಒಣ ರಸ್ತೆಯಲ್ಲಿ ಘರ್ಷಣೆಯ ಗುಣಾಂಕ ಸುಮಾರು 0.8 ಎಂದು ಹಿಡಿದರೆ, ಬ್ರೇಕು ಹಿಡಿದ ಕ್ಷಣದಿಂದ ಕಾರು ಆರೂವರೆ ಮೀಟರಿನೊಳಗೆ ನಿಲ್ಲುತ್ತದೆ. ತುಳಿದು ಗಟ್ಟಿಯಾದ ಹಿಮದಲ್ಲಿ ಗುಣಾಂಕ 0.2 ಆದರೆ ಇಪ್ಪತ್ತೈದು ಮೀಟರು ಬೇಕು. ನುಣುಪಾದ ಮಂಜುಗಡ್ಡೆಯ ಮೇಲೆ ಅದು 0.1ಕ್ಕೆ ಇಳಿದರೆ ಐವತ್ತೊಂದು ಮೀಟರು. ವೇಗ ಎರಡರಷ್ಟಾದರೆ ಈ ದೂರಗಳು ನಾಲ್ಕರಷ್ಟಾಗುತ್ತವೆ. ಈ ಲೆಕ್ಕದಲ್ಲಿ ಎಂಜಿನಿನ ಅಶ್ವಶಕ್ತಿ ಎಲ್ಲಿಯೂ ಬರುವುದಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ನಾಲ್ಕು ಗಾಲಿಗೂ ಶಕ್ತಿ ಹಾಯುವುದು ಹೊರಡಲು, ಏರು ಹತ್ತಲು ಸಹಾಯ, ನಿಲ್ಲಲು ಸಹಾಯವಲ್ಲ. ಬ್ರೇಕು ಎಲ್ಲ ಕಾರುಗಳಲ್ಲಿಯೂ ನಾಲ್ಕು ಗಾಲಿಗೂ ಇರುತ್ತದೆ. ಸುಲಭವಾಗಿ ಹೊರಡುವ ಕಾರು ಚಾಲಕನಿಗೆ ಸುಳ್ಳು ಧೈರ್ಯವನ್ನು ಕೊಡುತ್ತದೆ; ನಿಲ್ಲಿಸುವಾಗ ಆ ಸುಳ್ಳು ಬಯಲಾಗುತ್ತದೆ.

ಟೈರಿನ ಮೇಲಿನ ಶಾಸನ

ಟೈರಿನ ಪಕ್ಕೆಯ ಮೇಲೆ ಬರೆದಿರುವುದನ್ನು ಸಾಮಾನ್ಯವಾಗಿ ಯಾರೂ ಓದುವುದಿಲ್ಲ. ಹಳೆಯ ಶಾಸನಗಳನ್ನು ಓದುವ ಚಪಲವಿರುವ ನನಗೆ ಇದೇ ಬಹಳ ಹಿಡಿಸಿದ ಭಾಗ. “225/45 ಆರ್ 17 94 ವಿ” ಎಂದು ಬರೆದಿದೆಯೆನ್ನಿ. ಇದೊಂದು ಸೂತ್ರ, ಸೂತ್ರಕ್ಕೆ ವೃತ್ತಿ ಬೇಕು. 225 ಎಂದರೆ ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 45 ಎಂದರೆ ಪಕ್ಕೆಯ ಎತ್ತರ ಅಗಲದ ನೂರಕ್ಕೆ ನಲವತ್ತೈದರಷ್ಟು, ಅಂದರೆ ಸುಮಾರು 101 ಮಿಲಿಮೀಟರು. ‘ಆರ್’ ಎಂದರೆ ರೇಡಿಯಲ್. ಒಳಗಿನ ದಾರಗಳು ಅಡ್ಡಲಾಗಿ ಅಂಚಿನಿಂದ ಅಂಚಿಗೆ ಹಾಯ್ದಿವೆ. 17 ಎಂದರೆ ಗಾಲಿಯ ವ್ಯಾಸ, ಅಂಗುಲಗಳಲ್ಲಿ. 94 ಎಂಬುದು ಭಾರದ ಸಂಕೇತ. ಆ ಒಂದು ಟೈರು 670 ಕಿಲೋಗ್ರಾಂ ಹೊರಬಲ್ಲದು. ಕೊನೆಯ ಅಕ್ಷರ ವೇಗದ ಸಂಕೇತ: ‘ಟಿ’ ಎಂದರೆ 190, ‘ಎಚ್’ ಎಂದರೆ 210, ‘ವಿ’ ಎಂದರೆ 240, ‘ಡಬ್ಲ್ಯು’ ಎಂದರೆ 270, ‘ವೈ’ ಎಂದರೆ 300 ಕಿಲೋಮೀಟರು. ಅಕ್ಷರಮಾಲೆಯ ಕ್ರಮದಲ್ಲಿ ‘ಜಿ’ ಆದ ಮೇಲೆ ಬರಬೇಕಾದ ‘ಎಚ್’ ಇಲ್ಲಿ ‘ಯು’ ಮತ್ತು ‘ವಿ’ಗಳ ನಡುವೆ ಬಂದು ಕುಳಿತಿರುವುದು ವ್ಯಾಕರಣದ ಅಪವಾದ ಸೂತ್ರದಂತೆಯೇ ಸರಿ.

ಇದಲ್ಲದೆ ಎರಡು ಗುರುತುಗಳನ್ನು ನೋಡಬೇಕು. ‘ಎಂ ಪ್ಲಸ್ ಎಸ್’ ಎಂಬುದು ಹಳೆಯದು. ಕೆಸರು ಮತ್ತು ಹಿಮ ಎಂದು ಅದರ ಅರ್ಥ. ಅದನ್ನು ಹಾಕಲು ಯಾವ ಪರೀಕ್ಷೆಯೂ ಬೇಕಾಗಿರಲಿಲ್ಲವಾದುದರಿಂದ ಅದರ ಮಾತನ್ನು ಪೂರ್ತಿ ನಂಬುವಂತಿಲ್ಲ. ಇನ್ನೊಂದು, ಮೂರು ಶಿಖರಗಳ ಬೆಟ್ಟ, ಅದರ ನಡುವೆ ಒಂದು ಹಿಮದ ಹರಳು. ಇದು ಉತ್ತರ ಅಮೆರಿಕದಲ್ಲಿ 1999ರಲ್ಲಿ ಬಳಕೆಗೆ ಬಂತು. ಗೊತ್ತುಪಡಿಸಿದ ಹಿಮದ ಪರೀಕ್ಷೆಯಲ್ಲಿ ತೇರ್ಗಡೆಯಾದ ಟೈರಿಗೆ ಮಾತ್ರ ಈ ಮುದ್ರೆ. ಜರ್ಮನಿಯಲ್ಲಿ 2018ರ ಜನವರಿಯಿಂದ ತಯಾರಾದ ಟೈರುಗಳಲ್ಲಿ ಈ ಮುದ್ರೆಯುಳ್ಳವನ್ನು ಮಾತ್ರ ಚಳಿಗಾಲದ ಟೈರೆಂದು ಒಪ್ಪುತ್ತಾರೆ. ಅದಕ್ಕೂ ಹಿಂದಿನ ‘ಎಂ ಪ್ಲಸ್ ಎಸ್’ ಟೈರುಗಳಿಗೆ ಕೊಟ್ಟಿದ್ದ ರಿಯಾಯಿತಿ 2024ರ ಸೆಪ್ಟೆಂಬರ್ ಕೊನೆಗೆ ಮುಗಿಯಿತು.

ಹುಟ್ಟಿದ ತಾರೀಖೂ ಟೈರಿನ ಮೇಲೆಯೇ ಇರುತ್ತದೆ. ‘ಡಿಒಟಿ’ ಎಂಬ ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳು: 3823 ಎಂದಿದ್ದರೆ 2023ನೆಯ ಇಸವಿಯ 38ನೆಯ ವಾರ. ರಬ್ಬರಿಗೂ ಮುಪ್ಪು ಉಂಟು. ವರ್ಷ ಕಳೆದಂತೆ ಬಳಸದಿದ್ದರೂ ಬಿಗಿಯುತ್ತದೆ. ಅಗ್ಗವೆಂದು ಹಳೆಯದನ್ನು ಕೊಳ್ಳುವವರು ಈ ನಾಲ್ಕು ಅಂಕಿಗಳನ್ನು ಓದದೆ ಹಣ ಕೊಡಕೂಡದು.

ಯಾವ ಅಳತೆ?

ವೇಗದ ಕಾರಿನ ತೊಡಕು ಇಲ್ಲಿಂದ ಆರಂಭ. ಅಳಿಯಂದಿರ ಕಾರಿಗೆ ಬೇಸಗೆಯಲ್ಲಿದ್ದುದು 235/35 ಆರ್ 19. ಅಂದರೆ ಗಾಲಿ ದೊಡ್ಡದು, ರಬ್ಬರಿನ ಪಕ್ಕೆ ಕೇವಲ 82 ಮಿಲಿಮೀಟರು. ನೋಡಲು ಸೊಗಸು, ತಿರುವಿನಲ್ಲಿ ಚುರುಕು. ಆದರೆ ಹಿಮದ ಅಡಿಯಲ್ಲಿ ಮರೆಯಾದ ಗುಂಡಿಗೋ ಅಂಚುಗಲ್ಲಿಗೋ ತಗಲಿದರೆ ಪೆಟ್ಟು ನೇರವಾಗಿ ಲೋಹಕ್ಕೇ. ಅದನ್ನು ಕಣ್ಣಾರೆ ಕಂಡಾಗಿತ್ತು.

ಆದುದರಿಂದ ಚಳಿಗಾಲಕ್ಕೆ ಗಾಲಿಯನ್ನು ಒಂದೆರಡು ಅಂಗುಲ ಚಿಕ್ಕದು ಮಾಡಿ, ರಬ್ಬರಿನ ಪಕ್ಕೆಯನ್ನು ಎತ್ತರ ಮಾಡುವುದು ಅಲ್ಲಿಯ ವಾಡಿಕೆ. ಹೊರಗಿನ ಒಟ್ಟು ವ್ಯಾಸ ಮಾತ್ರ ಹೆಚ್ಚು ಕಡಮೆ ಹಾಗೆಯೇ ಉಳಿಯಬೇಕು. ಲೆಕ್ಕ ಸುಲಭ: ಗಾಲಿಯ ವ್ಯಾಸವನ್ನು 25.4ರಿಂದ ಗುಣಿಸಿ ಮಿಲಿಮೀಟರು ಮಾಡಿ, ಅದಕ್ಕೆ ಪಕ್ಕೆಯ ಎತ್ತರದ ಎರಡರಷ್ಟನ್ನು ಕೂಡಿಸಬೇಕು. 235/35 ಆರ್ 19ಕ್ಕೆ 647, 225/40 ಆರ್ 18ಕ್ಕೆ 637, 225/45 ಆರ್ 17ಕ್ಕೆ 634 ಮಿಲಿಮೀಟರು ಬರುತ್ತದೆ. ಮೊದಲನೆಯದಕ್ಕೂ ಕೊನೆಯದಕ್ಕೂ ವ್ಯತ್ಯಾಸ ನೂರಕ್ಕೆ ಎರಡು. ವ್ಯಾಸ ಕಡಮೆಯಾದಾಗ ಗಾಲಿ ಅದೇ ದೂರಕ್ಕೆ ತುಸು ಹೆಚ್ಚು ಸುತ್ತುವುದರಿಂದ ವೇಗಸೂಚಿ ಇರುವುದಕ್ಕಿಂತ ತುಸು ಹೆಚ್ಚನ್ನು ತೋರಿಸುತ್ತದೆ. ಅದು ಕ್ಷೇಮದ ಕಡೆಯ ತಪ್ಪು. ವ್ಯಾಸ ಹೆಚ್ಚಾದರೆ ಅದು ಕಡಮೆ ತೋರಿಸಬಹುದು. ಅದು ಅಪಾಯದ ಕಡೆಯದು, ಅದನ್ನು ಕಾನೂನೂ ಒಪ್ಪುವುದಿಲ್ಲ.

ಹಾಗಾದರೆ ಇನ್ನೂ ಚಿಕ್ಕದು ಮಾಡಿ ಹದಿನಾರು ಅಂಗುಲಕ್ಕೆ ಇಳಿಯಬಾರದೆ? ಇಳಿಯಲಾಗದು. ವೇಗದ ಕಾರಿಗೆ ಬ್ರೇಕಿನ ಬಿಲ್ಲೆಯೂ ದೊಡ್ಡದು. ಈ ಕಾರಿನಲ್ಲಿ ಮುಂದಿನ ಬಿಲ್ಲೆಯ ವ್ಯಾಸ 340 ಮಿಲಿಮೀಟರು. ಅದನ್ನು ಅವುಚಿ ಹಿಡಿಯುವ ಇಕ್ಕಳದಂಥ ಕ್ಯಾಲಿಪರು ಬಿಲ್ಲೆಗಿಂತಲೂ ಹೊರಗೆ ಚಾಚಿರುತ್ತದೆ. ಹದಿನಾರು ಅಂಗುಲದ ಗಾಲಿಯೊಳಗೆ ಅದಕ್ಕೆ ಎಡೆಯಿಲ್ಲ. ಹದಿನೇಳರಲ್ಲಿಯೂ ಎಲ್ಲ ಗಾಲಿಗಳು ಹೊಂದುವುದಿಲ್ಲ; ಕಡ್ಡಿಗಳ ಒಳಬಾಗು ಬ್ರೇಕಿಗೆ ತಾಕದಂತೆ ಮಾಡಿದವು ಮಾತ್ರ ಹೊಂದುತ್ತವೆ. ಆದಕಾರಣ ಮೊದಲು ಕಾರಿನ ಒಪ್ಪಿಗೆ ಪತ್ರದಲ್ಲಿ ಯಾವ ಅಳತೆಗಳನ್ನು ಬರೆದಿದೆಯೋ ನೋಡಿ, ಅವುಗಳಲ್ಲಿ ಚಿಕ್ಕದನ್ನು ಆರಿಸುವುದು ಲೇಸು. ಹಿಮದ ಸರಪಳಿ ಕಟ್ಟಲು ಯಾವ ಅಳತೆಯಲ್ಲಿ ಸ್ಥಳವಿದೆಯೆಂಬುದೂ ಕಾರಿನ ಕೈಪಿಡಿಯಲ್ಲಿರುತ್ತದೆ. ಆಲ್ಪ್ಸ್ ಪರ್ವತಗಳ ಕಡೆ ಹೋಗುವವರಿಗೆ ಅದು ಮುಖ್ಯ.

ಅಗಲದ ವಿಚಾರದಲ್ಲಿ ಎರಡು ವಾದಗಳುಂಟು. ಅಗಲ ಕಡಮೆಯಾದರೆ ಅದೇ ಭಾರ ಕಿರಿದಾದ ಜಾಗದ ಮೇಲೆ ಬೀಳುವುದರಿಂದ ಟೈರು ಹಿಮವನ್ನೂ ಕರಗಿದ ಹಿಮದ ರಾಡಿಯನ್ನೂ ಸೀಳಿಕೊಂಡು ಕೆಳಗಿಳಿಯುತ್ತದೆ. ನೀರಿನ ಮೇಲೆ ತೇಲುವುದೂ ಕಡಮೆ. ಆದರೆ ಒಣ ಹೆದ್ದಾರಿಯಲ್ಲಿ ಗಂಟೆಗೆ ನೂರಮೂವತ್ತರಲ್ಲಿ ಹೋಗುವ ಭಾರದ ಕಾರಿಗೆ ತೀರ ಕಿರಿದಾದ ಟೈರು ಅಳುಕುತ್ತದೆ. ಸ್ಟುಟ್‌ಗಾರ್ಟಿನಂಥ ಊರಿಗೆ 225ರ ಅಗಲ ಮಧ್ಯಮ ಮಾರ್ಗವೆಂದು ಒಪ್ಪಿಕೊಂಡೆವು. ಕೆಲವು ವೇಗದ ಕಾರುಗಳಲ್ಲಿ ಹಿಂದಿನ ಟೈರು ಮುಂದಿನದಕ್ಕಿಂತ ಅಗಲ. ಪೋರ್ಷೆ 911ರಲ್ಲಿ ಎಂಜಿನು ಹಿಂದಿರುವುದರಿಂದ ಭಾರವೂ ಹಿಂದೆಯೇ. ಅಂಥ ಕಾರಿಗೆ ಆ ಕಾರು ತಯಾರಿಸಿದವರು ಚಳಿಗಾಲಕ್ಕೆಂದು ಹೇಳಿದ ಜೋಡಿಯನ್ನೇ ಹಾಕಬೇಕು. ನಮ್ಮ ಜಾಣತನ ಅಲ್ಲಿ ಸಲ್ಲದು.

ವೇಗದ ಅಕ್ಷರದ ವಿಷಯದಲ್ಲಿ ಜರ್ಮನಿಯ ಕಾನೂನು ಒಂದು ಸಲಿಗೆ ಕೊಟ್ಟಿದೆ. ಕಾರು 250 ಕಿಲೋಮೀಟರು ಹೋಗಬಲ್ಲದಾದರೂ 240ರ ‘ವಿ’ ಟೈರನ್ನು ಚಳಿಗಾಲದಲ್ಲಿ ಹಾಕಬಹುದು. ಆ ಮಿತಿಯನ್ನು ಚಾಲಕನ ಕಣ್ಣೆದುರಿಗೆ ಚೀಟಿಯಾಗಿ ಅಂಟಿಸಿರಬೇಕು. ಭಾರದ ಸಂಕೇತದಲ್ಲಿ ಮಾತ್ರ ಇಂಥ ಸಲಿಗೆಯಿಲ್ಲ.

ಬರಿಯ ಟೈರೋ, ಗಾಲಿ ಸಹಿತವೋ?

ಒಂದೇ ಗಾಲಿಗೆ ವರ್ಷಕ್ಕೆರಡು ಸಲ ಟೈರು ಬಿಚ್ಚಿ ಹಾಕಬಹುದು. ಆದರೆ ಪ್ರತಿಸಲವೂ ಕೂಲಿ. ಟೈರಿನ ಅಂಚಿಗೂ ಗಾಯ. ಬೇರೆ ನಾಲ್ಕು ಗಾಲಿಗಳನ್ನೇ ಕೊಂಡಿಟ್ಟರೆ ಮೊದಲು ಖರ್ಚು ಕಂಡರೂ ನಾಲ್ಕೈದು ವರ್ಷಕ್ಕೆ ನಷ್ಟವಿಲ್ಲ. ಬೇಸಗೆಯ ಟೈರು ಆರು ತಿಂಗಳು ವಿಶ್ರಾಂತಿ ಪಡೆಯುವುದರಿಂದ ಅದೂ ಹೆಚ್ಚು ಕಾಲ ಬಾಳುತ್ತದೆ. ಇನ್ನೊಂದು ಕಾರಣವೂ ಉಂಟು. ಆ ನಾಡುಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಕಡೆದು ಹೊಳಪು ಕೊಟ್ಟ ಗಾಲಿಯ ಮೇಲಿನ ತೆಳು ಅರಗಿನಲ್ಲಿ ಒಂದು ಸಣ್ಣ ಬಿರುಕು ಸಿಕ್ಕರೂ ಸಾಕು, ಉಪ್ಪುನೀರು ಒಳಗೆ ನುಸುಳಿ ಲೋಹವನ್ನು ತಿನ್ನುತ್ತದೆ. ಚಳಿಗಾಲದ ಗಾಲಿ ಪೂರ್ತಿ ಬಣ್ಣ ಬಳಿದದ್ದು, ಸರಳವಾದ ಅಗಲ ಕಡ್ಡಿಗಳದ್ದು, ತೊಳೆಯಲು ಸುಲಭವಾದದ್ದು ಆಗಿರಬೇಕು. ಗಾಲಿಯೊಳಗೆ ಹಿಮ ಮೆತ್ತಿಕೊಂಡರೆ ತೂಕ ತಪ್ಪಿ ಚಾಲನಚಕ್ರ ನಡುಗತೊಡಗುತ್ತದೆ. ಕಾರು ಕೆಟ್ಟಿತೆಂದು ಹೆದರದೆ ಇಳಿದು ಹಿಮ ಕೆರೆದರಾಯಿತು.

ಹೊಸ ಗಾಲಿ ಕೊಳ್ಳುವಾಗ ನಾಲ್ಕು ಹೊಂದಿಕೆ ನೋಡಬೇಕು. ಒಂದು, ಬೋಲ್ಟುಗಳ ಸಂಖ್ಯೆ ಮತ್ತು ಅವು ಕುಳಿತ ವೃತ್ತದ ವ್ಯಾಸ. 5 ಗುಣಿಲೆ 112 ಎಂದರೆ ಐದು ಬೋಲ್ಟುಗಳು, 112 ಮಿಲಿಮೀಟರಿನ ವೃತ್ತ. ಎರಡು, ನಡುವಿನ ರಂಧ್ರ. ನಮ್ಮ ಎತ್ತಿನ ಗಾಡಿಯ ಗುಂಬಕ್ಕೂ ಅಚ್ಚಿಗೂ ಹೊಂದಿಕೆ ಹೇಗೋ ಹಾಗೆ ಇದು ಬಿಗಿಯಾಗಿ ಕೂಡಬೇಕು. ರಂಧ್ರ ದೊಡ್ಡದಿದ್ದರೆ ನಡುವೆ ಬಳೆ ಹಾಕಿ ತುಂಬಬೇಕು. ಮೂರು, ‘ಇಟಿ’ ಎಂದು ಬರೆದಿರುವ ಅಂಕಿ. ಗಾಲಿಯ ಅಗಲದ ನಟ್ಟನಡುವಿನಿಂದ, ಅದು ಅಚ್ಚಿಗೆ ಒತ್ತಿ ಕೂರುವ ಮುಖ ಎಷ್ಟು ಮಿಲಿಮೀಟರು ಹೊರಗಿದೆಯೆಂಬುದೇ ಈ ಅಂಕಿ. ಅದು ಹೆಚ್ಚಾದರೆ ಗಾಲಿ ಒಳಕ್ಕೆ ಸರಿಯುತ್ತದೆ, ಕಡಮೆಯಾದರೆ ಹೊರಕ್ಕೆ ಚಾಚುತ್ತದೆ. ನಾಲ್ಕು, ಬೋಲ್ಟಿನ ತಲೆಯ ಆಕಾರ. ಕೆಲವಕ್ಕೆ ಗುಂಡಿನಂತೆ ದುಂಡಗಿನ ಪೀಠ, ಕೆಲವಕ್ಕೆ ಶಂಕುವಿನಂತೆ ಇಳಿಜಾರಿನ ಪೀಠ. ಒಂದರ ಬೋಲ್ಟನ್ನು ಇನ್ನೊಂದಕ್ಕೆ ಹಾಕಿದರೆ ಬಿಗಿಯಾದಂತೆ ತೋರಿ ದಾರಿಯಲ್ಲಿ ಸಡಿಲುತ್ತದೆ. ಕಡಾಣಿ ಸಡಿಲವಾದ ಗಾಡಿ ಎಷ್ಟು ದೂರ ಹೋದೀತು?

ಯುರೋಪಿನಲ್ಲಿ 2014ರ ನವೆಂಬರಿನಿಂದ ಹೊಸ ಕಾರುಗಳಿಗೆಲ್ಲ ಟೈರಿನ ಗಾಳಿ ಇಳಿದರೆ ಎಚ್ಚರಿಸುವ ಏರ್ಪಾಡು ಕಡ್ಡಾಯ. ಕೆಲವು ಕಾರುಗಳಲ್ಲಿ ಪ್ರತಿ ಗಾಲಿಯೊಳಗೂ ಒಂದು ಸಣ್ಣ ಯಂತ್ರವಿರುತ್ತದೆ. ಎರಡನೆಯ ಜೊತೆ ಗಾಲಿಗೂ ಅದನ್ನು ಕೊಳ್ಳಬೇಕು. ಇನ್ನು ಕೆಲವು ಗಾಲಿಯ ಸುತ್ತನ್ನು ಎಣಿಸಿಯೇ ತಿಳಿಯುತ್ತವೆ; ಅವಕ್ಕೆ ಗಾಲಿ ಬದಲಾಯಿಸಿದ ಮೇಲೆ ಹೊಸ ಲೆಕ್ಕ ಹಿಡಿಯುವಂತೆ ಗುಂಡಿ ಒತ್ತಿ ತಿಳಿಸಬೇಕು.

ದೇಶಕ್ಕೆ ತಕ್ಕ ಟೈರು

ಚಳಿಗಾಲದ ಟೈರೆಂದರೆ ಒಂದೇ ಜಾತಿಯಲ್ಲ. ಇದರ ಹುಟ್ಟೂರು ಫಿನ್‌ಲೆಂಡ್. ಈಗ ನೋಕಿಯನ್ ಎಂದು ಹೆಸರಾದ ಕಾರ್ಖಾನೆ 1934ರಲ್ಲಿ ಲಾರಿಗಳಿಗೂ, 1936ರಲ್ಲಿ ಕಾರುಗಳಿಗೆ ‘ಹಕ್ಕಾಪೆಲಿಟ್ಟಾ’ ಎಂಬ ಹೆಸರಿನಲ್ಲೂ ಹಿಮದ ಟೈರನ್ನು ತಯಾರಿಸಿತು. ಫಿನ್‌ಲೆಂಡ್, ಉತ್ತರ ಸ್ವೀಡನ್ನುಗಳಲ್ಲಿ ತಿಂಗಳುಗಟ್ಟಲೆ ರಸ್ತೆಯ ಮೇಲೆ ಮಂಜುಗಡ್ಡೆ. ಅಲ್ಲಿಗೆ ಬಹಳ ಮೆತ್ತಗಿನ ಉತ್ತರದೇಶದ ಟೈರು, ಇಲ್ಲವೆ ಲೋಹದ ಮೊಳೆಗಳನ್ನು ಕೂರಿಸಿದ ಟೈರು ಬೇಕು. ಜರ್ಮನಿಯಲ್ಲಿ ಮೊಳೆಯ ಟೈರು ರಸ್ತೆಯನ್ನೇ ತೋಡುತ್ತದೆಂದು 1975ರಿಂದ ನಿಷಿದ್ಧವಾಗಿದೆ. ಸ್ಟುಟ್‌ಗಾರ್ಟಿನ ಚಳಿಗಾಲದಲ್ಲಿ ಹಿಮದ ದಿನಗಳಿಗಿಂತ ಒದ್ದೆ ಚಳಿಯ ದಿನಗಳೇ ಹೆಚ್ಚು. ಅಲ್ಲಿಗೆ ಒದ್ದೆ ರಸ್ತೆಯಲ್ಲಿಯೂ ವೇಗದಲ್ಲಿಯೂ ಸ್ಥಿರವಾಗಿರುವ ಮಧ್ಯ ಯುರೋಪಿನ ಜಾತಿಯೇ ಸರಿ. ಕೊಳ್ಳುವಾಗ ಟೈರಿಗೆ ಅಂಟಿಸಿದ ಚೀಟಿಯಲ್ಲಿ ಒದ್ದೆಯ ಹಿಡಿತಕ್ಕೆ ‘ಎ’ಯಿಂದ ‘ಇ’ವರೆಗೆ ದರ್ಜೆ ಕೊಟ್ಟಿರುತ್ತದೆ. 2021ರ ಮೇ ತಿಂಗಳಿನಿಂದ ಬಂದ ಹೊಸ ಚೀಟಿಯಲ್ಲಿ ಹಿಮಕ್ಕೊಂದು, ಮಂಜುಗಡ್ಡೆಗೊಂದು ಚಿತ್ರದ ಗುರುತೂ ಇದೆ.

ವರ್ಷವೆಲ್ಲ ಒಂದೇ ಟೈರು ಸಾಲದೆ ಎಂದು ಕೇಳಬಹುದು. ಸರ್ವಋತು ಟೈರುಗಳೂ ಉಂಟು. ಅವುಗಳಲ್ಲಿ ಬೆಟ್ಟದ ಮುದ್ರೆಯಿರುವವು ಕಾನೂನಿಗೂ ಸಲ್ಲುತ್ತವೆ. ಬಯಲು ಸೀಮೆಯಲ್ಲಿ ಸಾಧಾರಣ ಕಾರನ್ನು ನಿಧಾನವಾಗಿ ನಡೆಸುವವರಿಗೆ ಅವು ಸಾಕು. ಆದರೆ 300 ಅಶ್ವಶಕ್ತಿಯ ಕಾರಿಗೆ ಅದು ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬಂತೆ. ಬೇಸಗೆಯಲ್ಲಿಯೂ ಪೂರ್ತಿಯಲ್ಲ, ಹಿಮದಲ್ಲಿಯೂ ಪೂರ್ತಿಯಲ್ಲ. ಎರಡೇ ಟೈರು ಬದಲಾಯಿಸಿ ಹಣ ಉಳಿಸುವುದಂತೂ ಕೂಡದು. ಮುಂದಿನವು ಹಿಡಿದು ಹಿಂದಿನವು ಜಾರಿದರೆ ಕಾರು ಬುಗುರಿಯಂತೆ ತಿರುಗುತ್ತದೆ.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಡ್ಡಾಯ. ಆಸ್ಟ್ರಿಯದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ, ಸ್ವೀಡನ್ನಿನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ರಸ್ತೆಯಲ್ಲಿ ಚಳಿಗಾಲದ ಸ್ಥಿತಿಯಿದ್ದಾಗ ಕಡ್ಡಾಯ. ಜರ್ಮನಿಯ ಕಾನೂನು ತಾರೀಖನ್ನು ಹೇಳುವುದಿಲ್ಲ, ರಸ್ತೆಯ ಸ್ಥಿತಿಯನ್ನೇ ಹೇಳುತ್ತದೆ: ಹಿಮ, ರಾಡಿ, ಮಂಜುಗಡ್ಡೆ, ಹೆಪ್ಪುಗಟ್ಟಿದ ಇಬ್ಬನಿ ಇದ್ದರೆ ಚಳಿಗಾಲದ ಟೈರಿಲ್ಲದೆ ಹೊರಡಬಾರದು, ಹೊರಟರೆ 60 ಯೂರೋ ದಂಡ. ಆ ಲೆಕ್ಕಕ್ಕೆ ನಾವು ಆ ಬೆಳಗ್ಗೆ ಮನೆಯಿಂದ ಹೊರಟದ್ದೇ ಅಪರಾಧ. ಜನರ ಬಾಯಲ್ಲಿರುವ ಸೂತ್ರ ಇನ್ನೂ ಸುಲಭ: ಅಕ್ಟೋಬರಿನಿಂದ ಈಸ್ಟರ್ ಹಬ್ಬದವರೆಗೆ.

ಹಾಕಿದ ಮೇಲೆ

ಹಾಕಿದ ಮೇಲೂ ಕೆಲವು ಕೆಲಸಗಳುಂಟು. ಬೋಲ್ಟುಗಳನ್ನು ಕೈಪಿಡಿಯಲ್ಲಿ ಹೇಳಿದ ಬಿಗುವಿಗೆ ಅಳತೆಯ ಸಲಕರಣೆಯಿಂದಲೇ ತಿರುಗಿಸಬೇಕು. ಐವತ್ತು ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ನೋಡಬೇಕು. ಟೈರಿನ ಪಕ್ಕೆಯಲ್ಲಿ ಉರುಳುವ ದಿಕ್ಕಿನ ಬಾಣವಿದ್ದರೆ ಅದು ಮುಂದಕ್ಕೆ ತಿರುಗುವಂತಿರಬೇಕು. ಚಳಿಗೆ ಟೈರಿನ ಗಾಳಿಯೂ ಕುಗ್ಗುತ್ತದೆ. ಉಷ್ಣತೆ 20 ಡಿಗ್ರಿ ಇಳಿದರೆ 36 ಪೌಂಡು ಇದ್ದದ್ದು 33ರ ಹತ್ತಿರಕ್ಕೆ ಬರುತ್ತದೆ. ಬೆಚ್ಚನೆಯ ಕೊಟ್ಟಿಗೆಯಲ್ಲಿ ತುಂಬಿ ನಿಶ್ಚಿಂತರಾಗಬಾರದು. ತಿಂಗಳಿಗೊಮ್ಮೆ ತಣ್ಣನೆಯ ಟೈರಿನಲ್ಲೇ ಅಳೆಯಬೇಕು. ಅಲ್ಲಿ ಸವೆತದ ಕಾನೂನು 1.6 ಮಿಲಿಮೀಟರಿನವರೆಗೆ ಬಿಡುತ್ತದೆ, ಹಿಮ ಬಿಡುವುದಿಲ್ಲ. ಸಂದಿನ ಆಳ 4 ಮಿಲಿಮೀಟರಿಗೆ ಇಳಿದರೆ ಅದು ಹಿಮಕ್ಕೆ ನಿವೃತ್ತಿಯ ವಯಸ್ಸು. ವಸಂತದಲ್ಲಿ ಬಿಚ್ಚಿದ ಗಾಲಿಗಳಿಗೆ ಮುಂದಿನ ಎಡ, ಹಿಂದಿನ ಬಲ ಎಂದು ಸೀಮೆಸುಣ್ಣದಲ್ಲಿ ಬರೆದು, ತೊಳೆದು, ತಂಪಾದ ಕತ್ತಲೆಯ ಜಾಗದಲ್ಲಿ ಒಂದರ ಮೇಲೊಂದು ಪೇರಿಸಿಡಬೇಕು.

ಇದೆಲ್ಲ ನಮ್ಮ ಊರಿಗೂ ಬೇಕೆ ಎಂದರೆ, ಬೇಡ. ಬೆಂಗಳೂರಿನಲ್ಲಿ ದಾಖಲಾದ ಅತಿ ಹೆಚ್ಚಿನ ಚಳಿ 1884ರ ಜನವರಿ 13ರಂದು, 7.8 ಡಿಗ್ರಿ. ಟೈರಿನ ಗಡಿ 7; ಅಂದೂ ಅದನ್ನು ಮುಟ್ಟಲಿಲ್ಲ. ಇಲ್ಲಿಯ ಬಿಸಿಲಿಗೆ ಚಳಿಗಾಲದ ಟೈರು ಬೇಗ ಸವೆದುಹೋಗುವುದಲ್ಲದೆ ಬ್ರೇಕಿಗೂ ಸರಿಯಾಗಿ ನಿಲ್ಲದು. ಕಾಶ್ಮೀರ ಲಡಾಖುಗಳಲ್ಲಿರುವವರು ಮಾತ್ರ ಯೋಚಿಸಬೇಕಾದ ವಿಷಯವಿದು.

ಅಳಿಯಂದಿರು ಆ ಹತ್ತೊಂಬತ್ತು ಅಂಗುಲದ ಗಾಲಿಗಳನ್ನು ಎರಡೇ ದಿನದಲ್ಲಿ ಬಿಚ್ಚಿಸಿದರು. ಮಗುವಿನ ವೈದ್ಯರ ಭೇಟಿಯನ್ನು ಒಂದು ದಿನ ಮುಂದಕ್ಕೆ ಹಾಕಿದೆವು. ಹದಿನೇಳು ಅಂಗುಲದ ಕಪ್ಪು ಬಣ್ಣದ ಗಾಲಿಯಲ್ಲಿ ಕಾರು ಅಷ್ಟೇನೂ ಚೆಲುವಾಗಿ ಕಾಣಲಿಲ್ಲವೆಂದು ಮಗಳು ನಕ್ಕಳು. ಅದೇ ಇಳಿಜಾರಿನಲ್ಲಿ, ಅದೇ ದೀಪದ ಮುಂದೆ ಕಾರು ಸದ್ದಿಲ್ಲದೆ ನಿಂತಿತು. ಈ ಸಲ ಹಿಂದಿನ ಬುಟ್ಟಿಯಲ್ಲಿ ಮಗು ಮಲಗಿತ್ತು, ಎಚ್ಚರವಾಗಲಿಲ್ಲ.

ದೂರದಲ್ಲಿರುವ ಮಕ್ಕಳಿಗೆ ಫೋನು ಮಾಡಿದಾಗ ಊಟವಾಯಿತೆ, ಸ್ವೆಟರು ಹಾಕಿಕೊಂಡೆಯಾ ಎಂದು ಕೇಳುವುದು ನಮ್ಮ ವಾಡಿಕೆ. ವಿಜಯದಶಮಿ ಕಳೆದ ಕೂಡಲೆ ಗಾಲಿ ಬದಲಾಯಿತೆ ಎಂಬ ಇನ್ನೊಂದು ಮಾತನ್ನೂ ಸೇರಿಸಿ ಕೇಳಿ. ನನ್ನ ಮಟ್ಟಿಗೆ ಆ ಶ್ರಮ ತಪ್ಪಿದೆ. ಆಯುಧಪೂಜೆಯ ದಿನ ಅಳಿಯಂದಿರೇ ಫೋನು ಮಾಡಿ, “ಮಾವ, ಗಾಲಿ ಆಯಿತು” ಎನ್ನುತ್ತಾರೆ.